ಪೈಯೊಳಗೆ ಬೆಣ್ಣೆಹಣ್ಣು, ಮನೆಯೊಳಗೆ ಮುನಿಸು

ಪ್ರಶ್ನೆ: ನನಗೆ 42 ವರ್ಷ. ಮನೆಯಲ್ಲಿ ಅತ್ತೆ, ಮಾವ, ಗಂಡ ಮತ್ತು ಒಂಬತ್ತನೇ ತರಗತಿಯಲ್ಲಿ ಓದುವ ಮಗಳಿದ್ದಾರೆ. ಮಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೆ ಸಿಹಿ ಕಂಡರೆ ಕೈ ತಡೆಯುವುದಿಲ್ಲ. ಮಗಳಿಗೆ ಚಾಕೊಲೇಟ್ ಪೈ ಎಂದರೆ ಪ್ರಾಣ. ಮೊದಲೆಲ್ಲ ನಾನು 200 ಗ್ರಾಂ ಬಿಸ್ಕತ್ತು ಪುಡಿಗೆ 100 ಗ್ರಾಂ ಬೆಣ್ಣೆ ಕಲಸಿ ತಳ ಮಾಡುತ್ತಿದ್ದೆ. ಅದರ ಮೇಲೆ 200 ಗ್ರಾಂ ಮಿಲ್ಕ್ ಚಾಕೊಲೇಟ್, 200 ಮಿ.ಲೀ. ಕ್ರೀಂ, 100 ಗ್ರಾಂ ಸಕ್ಕರೆ ಸೇರಿಸಿದ ಹೂರಣ. ಕಳೆದ ತಿಂಗಳು ಯಾರಿಗೂ ಹೇಳದೆ ಕ್ರೀಂ ಬದಲು ಬೆಣ್ಣೆಹಣ್ಣು, ಸಕ್ಕರೆ ಬದಲು ಖರ್ಜೂರ ಹಾಕಿದೆ. ಎಲ್ಲರೂ ಹೊಗಳಿ ತಿಂದರು. ಆಮೇಲೆ ಗುಟ್ಟು ಹೇಳಿದೆ ನೋಡಿ, ಮಗಳು ತಟ್ಟೆ ಅಲ್ಲೇ ಬಿಟ್ಟು ಎದ್ದಳು. "ಅಮ್ಮ ಮೋಸ ಮಾಡ್ತಾಳೆ" ಅಂತ ಈಗ ನಾನು ಏನು ಬಡಿಸಿದರೂ ಮೂಸಿ ನೋಡುತ್ತಾಳೆ. ಮಾವನದು ಇನ್ನೊಂದು ಥರ. "ಆರೋಗ್ಯದ್ದಂತಲ್ಲಮ್ಮ, ಇನ್ನೊಂದು ಕೊಡು" ಎಂದು ಮೂರು ತುಂಡು ತಿಂದರು. ಅತ್ತೆ ಮಾತ್ರ, "ಸಿಹಿ ಮಾಡೋದಾದ್ರೆ ಸಿಹಿ ಮಾಡು, ಔಷಧಿ ಮಾಡೋದಾದ್ರೆ ಔಷಧಿ ಮಾಡು" ಎಂದು ಚುಚ್ಚಿದರು. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ. ಯಾವ ಪೈ ಮಾಡಲಿ? ನಾನು ಮಾಡಿದ್ದು ತಪ್ಪೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಡುಗೆಯ ಮಟ್ಟಿಗೆ ನೀವು ಮಾಡಿದ್ದು ಜಾಣತನದ ಕೆಲಸ. ಹೇಳದೆ ಬಡಿಸಿದ್ದು ಮಾತ್ರ ಸರಿಹೋಗಲಿಲ್ಲ. ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ: ಪೈ, ಮಾವ, ಮಗಳು. ಬಿಡಿಸಿ ನೋಡೋಣ.

ಮೊದಲು ಪೈ. ಇಂಥ ಪ್ರಯೋಗಕ್ಕೆ ನೀವೇ ಮೊದಲಿಗರಲ್ಲ. ಅಮೆರಿಕದ ಅಡುಗೆ ನಿರೂಪಕ ಆಲ್ಟನ್ ಬ್ರೌನ್ ತಮ್ಮ 'ಗುಡ್ ಈಟ್ಸ್' ಟಿ.ವಿ. ಕಾರ್ಯಕ್ರಮದಲ್ಲಿ ಕ್ರೀಂ ಬದಲು ನುಣ್ಣನೆಯ ಸಿಲ್ಕನ್ ತೋಫು (ಸೋಯಾ ಪನೀರ್) ರುಬ್ಬಿ ಚಾಕೊಲೇಟ್ ಪೈ ಮಾಡಿ ತೋರಿಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂದಾಗ ಬ್ರಿಟನ್ನಿನ ಗೃಹಿಣಿಯರು ಪುಡಿಂಗಿಗೆ ಕ್ಯಾರೆಟ್ ತುರಿದು ಹಾಕುತ್ತಿದ್ದರು. ನಮ್ಮಲ್ಲಂತೂ ಇದು ಹಬ್ಬದಡುಗೆಯ ರೂಢಿ. ಕಾಶಿ ಹಲ್ವಕ್ಕೆ ಬೂದುಗುಂಬಳ, ಹೋಳಿಗೆಗೆ ಕಡಲೆಬೇಳೆ, ಪಾಯಸಕ್ಕೆ ಹೆಸರುಬೇಳೆ. ತರಕಾರಿ, ಬೇಳೆಗಳನ್ನು ಸಿಹಿಗೆ ಹಾಕುವ ವಿದ್ಯೆಯನ್ನು ನಿಮ್ಮ ಅತ್ತೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಾವುದನ್ನು ತೆಗೆದು ಯಾವುದನ್ನು ಹಾಕುತ್ತೇವೆ ಎನ್ನುವುದರಲ್ಲಿ ಲಾಭ ನಷ್ಟದ ಲೆಕ್ಕ ಇದೆ.

ಬೆಣ್ಣೆಹಣ್ಣು ಬೆಣ್ಣೆ ಮತ್ತು ಕ್ರೀಮಿನ ಜಾಗಕ್ಕೆ ಬರುತ್ತದೆ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು ಇದೆ, ಅದರಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಒಗ್ಗುವ ಅಪರ್ಯಾಪ್ತ ಕೊಬ್ಬು. ನಾರಿನಂಶ ಸುಮಾರು 7 ಗ್ರಾಂ; ಸಕ್ಕರೆ ಒಂದು ಗ್ರಾಮಿಗಿಂತ ಕಡಿಮೆ. ಬೆಣ್ಣೆಯಲ್ಲಾದರೆ 100 ಗ್ರಾಮಿಗೆ 80 ಗ್ರಾಂ ಕೊಬ್ಬು, ಅದರಲ್ಲಿ 50 ಗ್ರಾಂ ಪರ್ಯಾಪ್ತ ಕೊಬ್ಬು. ಈ ಬದಲಾವಣೆ ನಿಜಕ್ಕೂ ಒಳ್ಳೆಯದು.

ಖರ್ಜೂರದ ವಿಷಯದಲ್ಲಿ ಮಾತ್ರ ನಿಮಗೆ ಸಿಕ್ಕ ಮಾಹಿತಿ ಅರೆಬರೆ. ಖರ್ಜೂರದಲ್ಲಿ ನಾರು, ಪೊಟ್ಯಾಸಿಯಂ ಇರುವುದು ಹೌದು, ಆದರೆ ಅದರ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಬೆಲ್ಲವೂ ಅಷ್ಟೇ, ಬಣ್ಣ ಬದಲಾದ ಮಾತ್ರಕ್ಕೆ ರಕ್ತದಲ್ಲಿ ಅದರ ನಡೆ ಬದಲಾಗುವುದಿಲ್ಲ. ರುಚಿಗೆ ಹಾಕಿ, ಅಳತೆ ಮಾಡಿ ಹಾಕಿ. 'ಸಕ್ಕರೆ ಇಲ್ಲದ್ದು' ಎಂದು ಮಾತ್ರ ಯಾರಿಗೂ ಹೇಳಬೇಡಿ.

ನಿಮ್ಮೂರಿನಲ್ಲಿ ಬೆಣ್ಣೆಹಣ್ಣು ಸಿಗದ ತಿಂಗಳುಗಳಲ್ಲಿ ಗೆಣಸು ಬಳಸಬಹುದು. ಇಡಿಯಾಗಿ ಸಣ್ಣ ಉರಿಯಲ್ಲಿ ನಿಧಾನವಾಗಿ ಸುಟ್ಟರೆ ಅದರ ಪಿಷ್ಟವೇ ಮಾಲ್ಟೋಸ್ ಎಂಬ ಸಕ್ಕರೆಯಾಗಿ ಸಿಹಿ ಏರುತ್ತದೆ, ಬೆಲ್ಲ ಕಡಿಮೆ ಸಾಕು. ಆದರೆ ಅದೇ ಕಾರಣಕ್ಕೆ ಮಾವನವರ ಪಾಲಿಗೆ ಸುಟ್ಟ ಗೆಣಸಿಗಿಂತ ಬೇಯಿಸಿದ ಗೆಣಸು ವಾಸಿ. ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರೂ ಆಗುತ್ತದೆ, ಸಣ್ಣ ಹುಳಿ ಚಾಕೊಲೇಟಿಗೆ ಚೆನ್ನಾಗಿ ಹೊಂದುತ್ತದೆ. ರಾಜ್ಮಾ ರುಬ್ಬಿ ಹಾಕುವುದು ಬ್ರೌನಿಗೆ ಸರಿ. ಒಲೆ ಕಾಣದ ಪೈಗೆ ಅದರ ವಾಸನೆ ಉಳಿದುಬಿಡುತ್ತದೆ.

ಈಗ ಒಂದು ಅಳತೆ ಕೊಡುತ್ತೇನೆ. 20 ಸೆಂ.ಮೀ. ಅಗಲದ, ಅಂಚಿರುವ ತಟ್ಟೆಗೆ ಇದು ಸರಿ, 10 ತುಂಡು ಆಗುತ್ತದೆ. ಓವನ್ ಬೇಡ.

ತಳಕ್ಕೆ: ರಾಗಿ ಹುರಿಹಿಟ್ಟು 80 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 100 ಗ್ರಾಂ, ಬೀಜ ತೆಗೆದ ಮೆತ್ತನೆಯ ಖರ್ಜೂರ 80 ಗ್ರಾಂ, ತುಪ್ಪ ಒಂದು ದೊಡ್ಡ ಚಮಚ, ಚಿಟಿಕೆ ಉಪ್ಪು. ಶೇಂಗಾವನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುವಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಆಮೇಲೆ ಖರ್ಜೂರ, ಕೊನೆಗೆ ಹುರಿಹಿಟ್ಟು, ಉಪ್ಪು, ತುಪ್ಪ. ಮುಷ್ಟಿಯಲ್ಲಿ ಹಿಡಿದರೆ ತಂಬಿಟ್ಟಿನ ಹದಕ್ಕೆ ನಿಲ್ಲಬೇಕು, ಉದುರಿದರೆ ಒಂದೆರಡು ಚಮಚ ಬಿಸಿನೀರು ಚಿಮುಕಿಸಿ. ತಟ್ಟೆಗೆ ಬಟ್ಟಲಿನ ತಳದಿಂದ ಒತ್ತಿ, ಅಂಚಿಗೂ ಏರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಹಸಿ ರಾಗಿ ಹಿಟ್ಟು ಬೇಡವೇ ಬೇಡ. ಹುರಿಹಿಟ್ಟು ಆಗಲೇ ಅರಳಿ ಬೆಂದಿರುವುದರಿಂದ ಬಾಯಿಗೆ ಹಸಿವಾಸನೆ ಬರುವುದಿಲ್ಲ.

ಹೂರಣಕ್ಕೆ: ಬೆಣ್ಣೆಹಣ್ಣಿನ ತಿರುಳು 300 ಗ್ರಾಂ, ಶೇ 70 ಕೋಕೋ ಇರುವ ಡಾರ್ಕ್ ಚಾಕೊಲೇಟ್ 150 ಗ್ರಾಂ, ಸಿಹಿ ಬೆರೆಸದ ಕೋಕೋ ಪುಡಿ 20 ಗ್ರಾಂ, ಪುಡಿ ಬೆಲ್ಲ 50 ಗ್ರಾಂ, ಗಟ್ಟಿ ಕಾಫಿ ಡಿಕಾಕ್ಷನ್ ಮೂರು ದೊಡ್ಡ ಚಮಚ, ಚಿಟಿಕೆ ಉಪ್ಪು. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ ಸೋಸಿ, ಮರಳು ಕಸ ಹೋಗಲಿ. ಕಾಫಿಯ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ, ಚಾಕೊಲೇಟಿನ ರುಚಿ ಗಾಢವಾಗುತ್ತದೆ. ತಿರುಳು, ಬೆಲ್ಲದ ನೀರು, ಕೋಕೋ, ಉಪ್ಪು ಸೇರಿಸಿ ಎಲ್ಲೂ ಹಸಿರು ಚುಕ್ಕೆ ಕಾಣದಂತೆ ರುಬ್ಬಿ. ಚಾಕೊಲೇಟನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಒಣ ಬಟ್ಟಲಿನಲ್ಲಿ ಕರಗಿಸಿ. ಅದಕ್ಕೆ ನೀರಿನ ಹನಿ ಬಿದ್ದರೆ ಗಂಟುಗಟ್ಟಿಬಿಡುತ್ತದೆ. ಕರಗಿದ್ದನ್ನು ಮಿಕ್ಸಿಗೆ ಸುರಿದು ಮತ್ತೊಮ್ಮೆ ತಿರುವಿ, ತಳದ ಮೇಲೆ ಹರಡಿ, ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ.

ಕೆಡುವುದು ಎಲ್ಲಿ ಎಂದೂ ಹೇಳಿಬಿಡುತ್ತೇನೆ. ಫ್ರಿಜ್ಜಿನಿಂದ ಆಗ ತೆಗೆದ ತಣ್ಣನೆಯ ಹಣ್ಣಿಗೆ ಬಿಸಿ ಚಾಕೊಲೇಟ್ ಸುರಿದರೆ ಮರಳು ಮರಳಾಗುತ್ತದೆ. ಹಣ್ಣು ಹೊರಗಿನ ಹದಕ್ಕೆ ಬಂದಿರಲಿ. ಬೆಣ್ಣೆಹಣ್ಣನ್ನು ಒಲೆಯ ಮೇಲೆ ಕಾಯಿಸಬೇಡಿ, ಕಹಿಯಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುವ ಹಣ್ಣುಗಳಲ್ಲಿ ಕೆಲವು ನೀರು ನೀರಾಗಿರುತ್ತವೆ, ಅಂಥದ್ದು ಸಿಕ್ಕರೆ ಚಾಕೊಲೇಟನ್ನು 20-30 ಗ್ರಾಂ ಹೆಚ್ಚಿಸಿ, ಇಲ್ಲದಿದ್ದರೆ ಪೈ ಕತ್ತರಿಸಲು ಬರುವುದಿಲ್ಲ. ಚಾಕೊಲೇಟ್ ಕೊಳ್ಳುವಾಗ ಹಿಂಬದಿಯ ಚೀಟಿ ಓದಿ. ಕೋಕೋ ಬೆಣ್ಣೆಯ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್, ನಿಮ್ಮ ಶ್ರಮವೆಲ್ಲ ವ್ಯರ್ಥ. ಕೋಕೋ ಪುಡಿಗೆ ವಿದೇಶಿ ಡಬ್ಬವೇ ಆಗಬೇಕೆಂದಿಲ್ಲ. ನಮ್ಮ ಕರಾವಳಿಯ ಅಡಿಕೆ ತೋಟಗಳ ನಡುವೆಯೇ ಕೋಕೋ ಬೆಳೆಯುತ್ತದೆ, 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ.

ಇನ್ನು ಲೆಕ್ಕ. ನಿಮ್ಮ ಹಳೆಯ ಪೈಯನ್ನು 10 ತುಂಡು ಮಾಡಿದರೆ ಒಂದರಲ್ಲಿ ಸುಮಾರು 24 ಗ್ರಾಂ ಸಕ್ಕರೆ, 14 ಗ್ರಾಂ ಪರ್ಯಾಪ್ತ ಕೊಬ್ಬು, ಒಂದು ಗ್ರಾಂ ನಾರು. ಹೊಸದರಲ್ಲಿ ಸುಮಾರು 14 ಗ್ರಾಂ ಸಕ್ಕರೆ, 6 ಗ್ರಾಂ ಪರ್ಯಾಪ್ತ ಕೊಬ್ಬು, ಆರೂವರೆ ಗ್ರಾಂ ನಾರು. ಜೊತೆಗೆ ರಾಗಿಯ ಸುಣ್ಣದಂಶ, ಶೇಂಗಾದ ಪ್ರೋಟೀನ್. ಚೆನ್ನಾಗಿದೆ ಅಲ್ಲವೇ? ಆದರೆ ಕ್ಯಾಲೊರಿ ನೋಡಿ: ಹಳೆಯದರಲ್ಲಿ ಸುಮಾರು 360, ಹೊಸದರಲ್ಲಿ 280. ಹೊಸ ಪೈಯ ಮೂರು ತುಂಡು ತಿಂದರೆ 42 ಗ್ರಾಂ ಸಕ್ಕರೆ, 840 ಕ್ಯಾಲೊರಿ. ಹಳೆಯ ಪೈಯ ಒಂದು ತುಂಡು ತಿಂದವರು ಇದಕ್ಕಿಂತ ಸುಖವಾಗಿರುತ್ತಾರೆ. ಮುಕ್ತ ಸಕ್ಕರೆ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ರೊಳಗೆ ಅಂದರೆ ಸುಮಾರು 25 ಗ್ರಾಮಿನೊಳಗೆ ನಿಂತರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 'ಆರೋಗ್ಯದ್ದು' ಎಂಬ ಒಂದು ಮಾತು ಕೈಯ ಹಿಡಿತವನ್ನು ಸಡಿಲಿಸುತ್ತದೆ. ನಿಮ್ಮ ಮಾವನವರಿಗೆ ಆದದ್ದು ಅದೇ.

ಆದ್ದರಿಂದ ಮಾವನವರ ಮುಂದೆ ಆ ಮಾತನ್ನೇ ಎತ್ತಬೇಡಿ. "ಇದೂ ಸಿಹಿಯೇ ಮಾವ, ಸ್ವಲ್ಪ ಕಡಿಮೆ ಸಿಹಿ ಅಷ್ಟೇ" ಎನ್ನಿ. ಅವರ ಪಾಲಿಗೆ ಅರ್ಧ ತುಂಡು, ಅದೂ ಪಲ್ಯ, ಸಾರು ಸೇರಿದ ಊಟವಾದ ಮೇಲೆ, ಆ ಹೊತ್ತಿನ ಅನ್ನ ಕಡಿಮೆ ಮಾಡಿ. ಖಾಲಿ ಹೊಟ್ಟೆಗೆ, ಸಂಜೆ ಚಹಾದ ಜೊತೆಗೆ ಬೇಡ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಎರಡು ಗಂಟೆ ಬಿಟ್ಟು ನೋಡಲಿ; ನಿಮ್ಮ ಉಪದೇಶಕ್ಕಿಂತ ಆ ಅಂಕಿ ಚೆನ್ನಾಗಿ ಮಾತಾಡುತ್ತದೆ. ಸಿಹಿ ತಿಂದೆನೆಂದು ಹೆಚ್ಚಿಗೆ ಮಾತ್ರೆ ನುಂಗುವ ಅಭ್ಯಾಸ ಅವರಿಗಿದ್ದರೆ ಇವತ್ತೇ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಮೂತ್ರಪಿಂಡದ ತೊಂದರೆಯೂ ಇದೆಯೆಂದು ವೈದ್ಯರು ಹೇಳಿದ್ದರೆ ಬೆಣ್ಣೆಹಣ್ಣು, ಖರ್ಜೂರ, ಕೋಕೋ ಮೂರರಲ್ಲೂ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೊದಲು ಅವರನ್ನೇ ಕೇಳಿ. 'ಶುಗರ್ ಫ್ರೀ' ಚಾಕೊಲೇಟಿನ ಮೊರೆ ಹೋಗುವ ಮುನ್ನವೂ ಯೋಚಿಸಿ. ಅದರಲ್ಲಿರುವ ಮಾಲ್ಟಿಟಾಲ್ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತದೆ.

ಪೈಗಿಂತ ದೊಡ್ಡ ಪ್ರಶ್ನೆ ಮಾವನವರ ದಿನದ ಚಹಾ. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಲೋಟ ಕುಡಿದರೆ ಅಲ್ಲಿಗೇ 24ರಿಂದ 30 ಗ್ರಾಂ. ಪೈ ತಿಂಗಳಿಗೊಮ್ಮೆ, ಚಹಾ ದಿನಕ್ಕೆ ಮೂರು ಸಲ. ಗುದ್ದಾಡುವುದಾದರೆ ಅದರ ಜೊತೆ ಗುದ್ದಾಡಿ. ಆ ಗುದ್ದಾಟವೂ ನಿಮ್ಮೊಬ್ಬರ ಕೆಲಸವಲ್ಲ. ಅವರ ಮಗ ಮನೆಯಲ್ಲೇ ಇದ್ದಾರೆ. ಅಪ್ಪನಿಗೆ ಹೇಳುವ ಮಾತನ್ನು ಮಗನೇ ಹೇಳಲಿ. ಮನೆಯವರೆಲ್ಲರ ರಕ್ತದ ಸಕ್ಕರೆಗೆ ಸೊಸೆಯನ್ನು ಹೊಣೆ ಮಾಡುವುದೂ ತಪ್ಪು, ಸೊಸೆ ತಾನಾಗಿ ಆ ಹೊಣೆ ಹೊರುವುದೂ ತಪ್ಪು. ನಿಮ್ಮ ಪತ್ರ ಓದಿದರೆ ನೀವೇ ಹೊತ್ತುಕೊಂಡಂತಿದೆ.

ಕೊನೆಗೆ ಮಗಳು. ಅವಳ ಸಿಟ್ಟು ಬೆಣ್ಣೆಹಣ್ಣಿನ ಮೇಲಲ್ಲ ಎಂದು ನನಗನ್ನಿಸುತ್ತದೆ. ಜ್ಯೂಸ್ ಅಂಗಡಿಯಲ್ಲಿ ಬಟರ್ ಫ್ರೂಟ್ ಮಿಲ್ಕ್‌ಶೇಕ್ ಕೊಟ್ಟರೆ ಈ ವಯಸ್ಸಿನ ಮಕ್ಕಳು ಬೇಡ ಎನ್ನುವುದು ಅಪರೂಪ. ತನಗೆ ಹೇಳದೆ ತನ್ನ ತಟ್ಟೆಯಲ್ಲಿ ಏನೋ ಸೇರಿಸಿದರು, ಆಮೇಲೆ ಎಲ್ಲರೆದುರು 'ನೋಡಿದೆಯಾ' ಎಂದರು, ಅದು ಚುಚ್ಚಿದೆ. ಹೋಳಿಗೆಯಲ್ಲಿ ಬೇಳೆ ಇದೆ ಎಂದು ಯಾರೂ ಮುನಿಸಿಕೊಳ್ಳುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಹದಿನಾಲ್ಕರ ಹುಡುಗಿಗೆ ತನ್ನ ಊಟ, ತನ್ನ ಮೈ ತನ್ನದು ಎಂಬ ಭಾವ ಬೆಳೆಯುವ ಹೊತ್ತು ಇದು. ಆಗ ಅಡುಗೆಮನೆಯ ಮೇಲಿನ ನಂಬಿಕೆ ಸಡಿಲವಾದರೆ ನಾಳೆ ನೀವು ನೆಟ್ಟಗೆ ಮಾಡಿದ ಸಾರನ್ನೂ ಮೂಸುತ್ತಾಳೆ, ಈಗಾಗಲೇ ಮೂಸುತ್ತಿದ್ದಾಳೆ. ಬಚ್ಚಿಡುವುದರಲ್ಲಿ ಅಪಾಯವೂ ಇದೆ. ಹುಟ್ಟುಹಬ್ಬಕ್ಕೆ ಬರುವ ಗೆಳತಿಯರಲ್ಲಿ ಯಾರಿಗಾದರೂ ಶೇಂಗಾ ಆಗದಿದ್ದರೆ? ಅಂಥವರಿಗೆ ಒಂದು ಚೂರೂ ಪ್ರಾಣಕ್ಕೆ ಕುತ್ತು ತರಬಹುದು. ಯಾರಿಗೆ ಏನು ಆಗದು ಎಂದು ಮೊದಲೇ ಕೇಳಿ, ಪೈಯಲ್ಲಿ ಏನೇನಿದೆ ಎಂದು ಬಾಯಿಬಿಟ್ಟು ಹೇಳಿ. ಶೇಂಗಾ ಬೇಡವಾದರೆ ಆ ಜಾಗಕ್ಕೆ ಹುರಿಗಡಲೆ ಪುಡಿ ಹಾಕಿ, ತುಪ್ಪ ಇನ್ನೊಂದು ಚಮಚ ಹೆಚ್ಚಿಸಿ.

ಹುಟ್ಟುಹಬ್ಬಕ್ಕೆ ಯಾವ ಪೈ ಎಂದು ಕೇಳಿದ್ದೀರಿ. ಅವಳು ಕೇಳಿದ ಪೈ. ಬಿಸ್ಕತ್ತು, ಬೆಣ್ಣೆ, ಮಿಲ್ಕ್ ಚಾಕೊಲೇಟಿನ ಹಳೆಯದೇ ಬೇಕೆಂದರೆ ಅದನ್ನೇ ಮಾಡಿ. ವರ್ಷಕ್ಕೊಂದು ದಿನದ ಸಿಹಿಯಿಂದ ಬೆಳೆಯುವ ಹುಡುಗಿಯ ಆರೋಗ್ಯ ಕೆಡುವುದಿಲ್ಲ, ಬಂದವರೆಲ್ಲ ಹಂಚಿಕೊಂಡು ತಿಂದರೆ ಮಾರನೆಯ ದಿನಕ್ಕೆ ಫ್ರಿಜ್ಜಿನಲ್ಲಿ ಉಳಿಯುವುದೂ ಇಲ್ಲ. ಅತ್ತೆಯವರ ಮಾತಿನಲ್ಲೂ ಅಷ್ಟರಮಟ್ಟಿಗೆ ಹುರುಳಿದೆ. ಹುರಿಹಿಟ್ಟಿನ ಪೈಯನ್ನು ಉಳಿದ ದಿನಗಳಿಗೆ ಇಟ್ಟುಕೊಳ್ಳಿ, ಅದು ನೆರವಾಗಬೇಕಾದದ್ದು ಅಲ್ಲೇ.

ಅದಕ್ಕೂ ಮೊದಲು, ಈ ಭಾನುವಾರವೇ ಮಗಳ ಹತ್ತಿರ ಕೂತು, "ಹೇಳದೆ ಹಾಕಿದ್ದು ನನ್ನ ತಪ್ಪು, ಇನ್ನು ಮುಂದೆ ಕೇಳಿಯೇ ಮಾಡ್ತೀನಿ" ಎನ್ನಿ. ಅದರ ಬೆನ್ನಿಗೆ "ಆದರೆ" ಎಂದು ಶುರು ಮಾಡಬೇಡಿ. ಅವಳು ಒಪ್ಪಿದರೆ ತಕ್ಕಡಿ, ಮಿಕ್ಸಿ ಅವಳ ಕೈಗೆ ಕೊಡಿ. ಬೆಲ್ಲ 50 ಗ್ರಾಂ ಸಾಕೋ, 40ಕ್ಕೆ ಇಳಿಸಬಹುದೋ, ತಳಕ್ಕೆ ಏಲಕ್ಕಿ ಬೇಕೋ ಬೇಡವೋ, ಎಲ್ಲ ಅವಳೇ ತೀರ್ಮಾನಿಸಲಿ. ಒಪ್ಪದಿದ್ದರೆ ಬಲವಂತ ಬೇಡ, ಆ ಪೈಯನ್ನು ನೀವೂ ನಿಮ್ಮ ಗಂಡನೂ ತಿನ್ನಿ. ಮಾವನವರ ಅರ್ಧ ತುಂಡನ್ನು ಮಾತ್ರ ಮೊದಲೇ ಕತ್ತರಿಸಿ ಬೇರೆ ತಟ್ಟೆಯಲ್ಲಿಡಿ. ಪೈಯಿಟ್ಟ ದೊಡ್ಡ ತಟ್ಟೆ ಊಟದ ಜಾಗಕ್ಕೆ ಬರುವುದು ಬೇಡ.