ತಾಯಿಯ ಕೈ ಪಳಗಲಿ

ಮಗಳೇ,

ನಿನಗೆ ಮಕ್ಕಳ ವಾರ್ಡಿಗೆ ಡ್ಯೂಟಿ ಬಿದ್ದಿದೆಯೆಂದು ನಿಮ್ಮಮ್ಮ ಫೋನ್ ಮಾಡಿದ್ದಳು. ಅವಳಿಗೆ ಖುಷಿ, ನಿನಗೆ ದಿಗಿಲು. ದಿಗಿಲಾಗುವುದು ಸಹಜವೇ. ದೊಡ್ಡವರ ವಾರ್ಡಿನಲ್ಲಿ ರೋಗಿ ಎಲ್ಲಿ ನೋವು, ಎಷ್ಟು ನೋವು ಎಂದು ತಾನೇ ಹೇಳುತ್ತಾನೆ. ಇಲ್ಲಿ ಎಂಟು ತಿಂಗಳ ಕೂಸು ಹಸಿದರೂ ಅಳುತ್ತದೆ, ಕಿವಿ ನೋವಿಗೂ ಅಳುತ್ತದೆ, ನಿನ್ನ ಬಿಳಿ ಕೋಟು ಕಂಡರೂ ಅಳುತ್ತದೆ. ನಿಜವಾಗಿ ಹೆದರಬೇಕಾದದ್ದು ಅಳುವ ಮಗುವಿಗಲ್ಲ, ಅಳಲೂ ಆಗದೆ ಸುಮ್ಮನೆ ಮಲಗಿರುವ ಮಗುವಿಗೆ. ವಾರ್ಡಿಗೆ ಕಾಲಿಟ್ಟ ಕೂಡಲೇ ನಿನ್ನ ಕಣ್ಣು ಮೊದಲು ಆ ಮಂಚ ಹುಡುಕಲಿ.

ಪಾಠದ ಪುಸ್ತಕವನ್ನು ನೀನು ನನಗಿಂತ ಹೊಸದಾಗಿ ಓದಿದ್ದೀಯ. ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲೇ ಕೂದಲು ನರೆತ ಈ ದೊಡ್ಡಮ್ಮ ಹೇಳಬೇಕೆಂದಿರುವುದು ಒಂದೇ ಮಾತು: ಇಲ್ಲಿ ನಿನ್ನ ರೋಗಿ ಮಗು, ನಿನ್ನ ವಿದ್ಯಾರ್ಥಿ ಅದರ ತಾಯಿ. ಮಗು ನಿನ್ನ ಕೈಲಿರುವುದು ನಾಲ್ಕಾರು ದಿನ. ಮತ್ತೆ ಜ್ವರ ಬರುವುದು ಮನೆಯಲ್ಲಿ, ನಡುರಾತ್ರಿಯಲ್ಲಿ. ಆಗ ಎಚ್ಚರವಾಗಿರುವವಳು ಅವಳು. ಅವಳ ಕೈ ಪಳಗಿಸದೆ ಕಳಿಸಿದರೆ ನೀನು ಮಾಡಿದ್ದು ಅರ್ಧ ಕೆಲಸ.

ಇದು ನನ್ನ ಸ್ವಂತ ಕಲ್ಪನೆಯಲ್ಲ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಅವರ ಬಳಿಯಿದ್ದ ಸಲೈನ್ ಬಾಟಲಿ ಸಾಲದೆ ಹೋಯಿತು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸತೊಡಗಿದರು. ಸಿಬ್ಬಂದಿ ಕಡಿಮೆ, ಹಾಗಾಗಿ ಲೋಟ ಹಿಡಿದು ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತು ನಿನ್ನ ಟ್ರಾಲಿಯಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಮನೆಯವರ ಕೈಗಳಿವೆ.

ಅದೇ ಪೊಟ್ಟಣದಿಂದ ಶುರು ಮಾಡುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ನಡೆಯುವುದು ಅಲ್ಲೇ. ಭೇದಿ ಎಂದು ಬಂದ ತಾಯಿ ಮೊದಲು ಕೇಳುವುದು, "ಸಿಸ್ಟರ್, ಒಂದು ಗ್ಲೂಕೋಸ್ ಹಾಕ್ಬಿಡಿ." ಬಾಟಲಿ ತೂಗಿದರೆ ಮಾತ್ರ ಚಿಕಿತ್ಸೆ ಎಂಬ ನಂಬಿಕೆ. ಕುಡಿಯಬಲ್ಲ ಮಗುವಿಗೆ ಚಮಚೆಯೇ ಸಾಕೆಂದು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಎದುರಿಗೆ ಮಾಡಿ ತೋರಿಸು. ಒಂದು ಲೀಟರ್ ನೀರಿಗೆ ಹಾಕುವ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಸುರಿಯಬೇಕು. ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಉದುರಿಸಿಕೊಂಡರೆ ಉಪ್ಪು ಹೆಚ್ಚುಕಮ್ಮಿಯಾಗುತ್ತದೆ. ಕಲಸಿದ್ದು 24 ಗಂಟೆಯ ಮೇಲೆ ಉಳಿದರೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡದಕ್ಕೆ 100ರಿಂದ 200 ಮಿಲಿ. ಅವಳ ಮನೆಯ ಲೋಟ ಯಾವುದೆಂದು ಕೇಳಿ ಆ ಲೆಕ್ಕದಲ್ಲೇ ಹೇಳು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಮತ್ತೆ ನಿಧಾನವಾಗಿ ಚಮಚೆ ಚಮಚೆಯಾಗಿ. ಅಂಗಡಿಯ ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸೀತು ಎಂಬುದನ್ನೂ ಬಿಡದೆ ಹೇಳು.

ಇನ್ನು ಸತುವಿನ ಮಾತ್ರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳ ಮಗುವಿಗೆ 10 ಮಿ.ಗ್ರಾಂ, 14 ದಿನ. ಮೂರನೇ ದಿನಕ್ಕೆ ಭೇದಿ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವವರೇ ಹೆಚ್ಚು. ಹೊಟ್ಟೆಗೆ ವಿಶ್ರಾಂತಿ ಎಂದು ಎದೆಹಾಲು, ಗಂಜಿ, ಮೊಸರನ್ನ ಎಲ್ಲ ಬಿಡಿಸಿ ಕೂತಿರುವ ಅಜ್ಜಿಯೂ ಜೊತೆಗೆ ಬಂದಿರುತ್ತಾಳೆ. ತಾಯಿಗೆ ಹೇಳುವುದನ್ನೆಲ್ಲ ಅಜ್ಜಿಗೂ ಕೂರಿಸಿ ಹೇಳು. ಮನೆಯಲ್ಲಿ ತೀರ್ಮಾನ ಅವಳದ್ದೇ.

ಕೆಮ್ಮು, ನೆಗಡಿ ಎಂದು ಬಂದ ಮಗುವಿಗೆ ಸ್ಟೆತಾಸ್ಕೋಪು ಆಮೇಲೆ. ಮೊದಲು ಅಂಗಿ ಎತ್ತಿ ಉಸಿರು ಎಣಿಸು. ಮಗು ಸಮಾಧಾನವಾಗಿ ತಾಯಿಯ ಮಡಿಲಲ್ಲಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಇಷ್ಟು ಮುಟ್ಟಿದರೆ ಉಸಿರಾಟ ಜೋರಾಗಿದೆ ಎಂದೇ ಲೆಕ್ಕ. ತಾಯಿಗೆ ಈ ಸಂಖ್ಯೆ ನೆನಪಿರಬೇಕಾಗಿಲ್ಲ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುವುದನ್ನು ಅವಳ ಕಣ್ಣಿಗೆ ತೋರಿಸು. ಒಮ್ಮೆ ಕಂಡವಳು ಪಕ್ಕೆ ಸೆಳೆತವನ್ನು ಮರೆಯುವುದಿಲ್ಲ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ಖಡಾಖಂಡಿತವಾಗಿ ಬೇಡವೆನ್ನು. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಬೇರೊಂದು ನ್ಯುಮೋನಿಯಾ.

ಜ್ವರದ ಔಷಧಿಯಲ್ಲಿ ಬಾಟಲಿ ನೋಡುವುದನ್ನು ಕಲಿಸು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ತೂಕದ ಕಿಲೋಗೆ 10ರಿಂದ 15 ಮಿ.ಗ್ರಾಂ. ಡ್ರಾಪ್ಸ್‌ನ ಒಂದು ಮಿಲಿಯಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನ ಐದು ಮಿಲಿಯಲ್ಲಿ 120, 125 ಅಥವಾ 250. ಡ್ರಾಪ್ಸ್ ಬಾಟಲಿಯಿಂದ ಸಿರಪ್ಪಿನ ಹಾಗೆ ಐದು ಮಿಲಿ ಕುಡಿಸಿದರೆ 500 ಮಿ.ಗ್ರಾಂ, ಅಂದರೆ ದೊಡ್ಡವರ ಒಂದು ಮಾತ್ರೆ ಕೂಸಿನ ಹೊಟ್ಟೆಗೆ. ಆದ್ದರಿಂದ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡು, ಅಕ್ಷರ ಬಾರದವಳಿಗೂ ಗೆರೆ ಕಾಣುತ್ತದೆ. ಡೋಸಿನ ನಡುವೆ ಆರು ಗಂಟೆ ಅಂತರ ಎಂದರೆ ಸುಲಭವಾಗಿ ನೆನಪಿರುತ್ತದೆ. ಮಳೆಗಾಲದ ಡೆಂಗಿ ಹೊತ್ತಿನಲ್ಲಿ ಇನ್ನೊಂದು ಮಾತು ಸೇರಿಸು: ಜ್ವರ ಇಳಿದ ದಿನವೇ ಜೋಪಾನ. ಹೊಟ್ಟೆನೋವು, ಬಿಡದ ವಾಂತಿ, ತಣ್ಣಗಾದ ಕೈಕಾಲು, ಒಸಡಿನಲ್ಲಿ ರಕ್ತ, ಇದರಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಬೇಕು.

ಜ್ವರದ ಜೊತೆ ಫಿಟ್ಸ್ ಬಂದರೆ ಮನೆಯವರೆಲ್ಲ ಕಂಗಾಲು. ಕೈಗೆ ಕೀಲಿ ಹಿಡಿಸುತ್ತಾರೆ, ಮೂಗಿಗೆ ಈರುಳ್ಳಿ ಒಡ್ಡುತ್ತಾರೆ, ಹಲ್ಲಿನ ನಡುವೆ ಚಮಚೆ ತುರುಕುತ್ತಾರೆ. ಚಮಚೆಯಿಂದ ಹಲ್ಲು ಮುರಿದೀತು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಬಾಯಿಗೆ ಏನೂ ಹಾಕದೆ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108. ಆರು ತಿಂಗಳಿಂದ ಐದು ವರ್ಷದೊಳಗೆ ಬರುವ ಇಂಥ ಜ್ವರದ ಸೆಳವು ಬಹುತೇಕ ಮಕ್ಕಳಲ್ಲಿ ಮೆದುಳಿಗೆ ಕೆಡುಕು ಮಾಡುವುದಿಲ್ಲ, ಬೆಳೆದಂತೆ ನಿಂತುಹೋಗುತ್ತದೆ. ಇಷ್ಟನ್ನು ನಿಧಾನವಾಗಿ ಹೇಳಿದರೆ ಆ ತಾಯಿ ರಾತ್ರಿ ಕಣ್ಣು ಮುಚ್ಚಿಯಾಳು.

ಗಾಯ, ಅಪಘಾತಗಳ ಪಟ್ಟಿ ಉದ್ದವಿದೆ, ಮೂರು ಮಾತ್ರ ಹೇಳುತ್ತೇನೆ. ಬಚ್ಚಲ ಹಂಡೆಯ ನೀರು ಬಿದ್ದೋ ಸಾರಿನ ಪಾತ್ರೆ ಮಗುಚಿಯೋ ಸುಟ್ಟರೆ, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಏನೂ ಬೇಡ, ಬೊಬ್ಬೆ ಒಡೆಯುವುದೂ ಬೇಡ. ಸೀಮೆಎಣ್ಣೆ ಕುಡಿದ ಮಗುವಿಗೆ ಬಲವಂತವಾಗಿ ವಾಂತಿ ಮಾಡಿಸಬಾರದು, ಮೇಲೆ ಬರುವಾಗಲೇ ಅದು ಶ್ವಾಸಕ್ಕೆ ಇಳಿಯುವುದು. ಕಡಲೆಕಾಯಿ ಬೀಜ, ಹುಣಸೆ ಬೀಜ, ನಾಣ್ಯ ಗಂಟಲಲ್ಲಿ ಸಿಕ್ಕಿ ಕೆಮ್ಮಲೂ ಆಗದಿದ್ದರೆ, ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ತಟ್ಟು, ತಿರುಗಿಸಿ ಎದೆಗೆ ಐದು ಒತ್ತು. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಿದರೆ ಅದು ಇನ್ನಷ್ಟು ಒಳಕ್ಕೆ ಹೋಗುತ್ತದೆ. ವಾರ್ಡಿನಲ್ಲಿ ಬಿಡುವಾದಾಗ ಬಟ್ಟೆಯ ಗೊಂಬೆ ಹಿಡಿದು ನಾಲ್ಕು ತಾಯಂದಿರನ್ನು ಸುತ್ತ ಕೂರಿಸಿ ಇದನ್ನು ಮಾಡಿಸು. ನಗುತ್ತಲೇ ಕಲಿಯುತ್ತಾರೆ.

ಮನೆಮದ್ದು, ನಂಬಿಕೆಗಳನ್ನು ಎರಡು ಪಾಲು ಮಾಡಿಕೋ. ದೃಷ್ಟಿ ತೆಗೆಯಲಿ, ತಾಯಿತ ಕಟ್ಟಲಿ, ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಇಡಲಿ, ನಿನಗೇನೂ ನಷ್ಟವಿಲ್ಲ. ಅದನ್ನು ಕಂಡು ಮುಖ ಸಿಂಡರಿಸಿದರೆ ಅವಳು ನಿನ್ನ ಮಾತಿಗೇ ಬಾಗಿಲು ಹಾಕುತ್ತಾಳೆ. ಹೊಟ್ಟೆಗೆ ಬರೆ ಎಳೆಯುವುದು, ಮೂಗಿಗೆ ಎಣ್ಣೆ, ದಡಾರದ ಮಗುವಿಗೆ ಊಟ ಬಿಡಿಸುವುದು ಇವು ಇನ್ನೊಂದು ಪಾಲು, ಇಲ್ಲಿ ರಾಜಿ ಬೇಡ. ಮೊದಲ ಪಾಲಿಗೆ ತಲೆಯಾಡಿಸಿದವಳ ಮಾತು ಎರಡನೆಯದರಲ್ಲಿ ನಡೆಯುತ್ತದೆ. ಹಳೆಯದೆಲ್ಲ ಕೆಟ್ಟದ್ದೂ ಅಲ್ಲ. ತೂಕ ಕಡಿಮೆಯಿರುವ, ಚೀಪಲಾಗದ ಕೂಸಿಗೆ ಹಿಂಡಿದ ಎದೆಹಾಲು ಕುಡಿಸಲು ನಮ್ಮ ಅಜ್ಜಿಯರ ಒಳಲೆಗಿಂತ ಒಳ್ಳೆಯ ಸಾಧನ ನಾನು ಕಾಣೆ. ಪ್ರತಿ ಸಲ ಕುದಿಸಿ ತೊಳೆದಿರಬೇಕು, ಅಷ್ಟೆ. ಬಾಟಲಿ, ನಿಪ್ಪಲ್ ವಾರ್ಡಿನೊಳಗೆ ಬಿಡಬೇಡ.

ಸೂಜಿ ಚುಚ್ಚುವಾಗ ತಾಯಿಯನ್ನು ಹೊರಗೆ ಅಟ್ಟುವ ಅಭ್ಯಾಸ ಕೆಲವು ಕಡೆ ಇದೆ. ನೀನು ಹಾಗೆ ಮಾಡಬೇಡ. ಅವಳ ಮಡಿಲಲ್ಲಿ ಕೂತ ಮಗು ಕಡಿಮೆ ಒದ್ದಾಡುತ್ತದೆ, ಎದೆಹಾಲು ಕುಡಿಯುತ್ತಿರುವ ಕೂಸಿಗೆ ನೋವೂ ಕಡಿಮೆ. ಬುದ್ಧಿ ಬಂದ ಮಗುವಿಗೆ "ಏನೂ ನೋವಾಗಲ್ಲ" ಎಂದು ಸುಳ್ಳು ಹೇಳಿದರೆ ಎರಡನೇ ಸಲ ಅದು ನಿನ್ನನ್ನು ನಂಬದು. "ಇರುವೆ ಕಚ್ಚಿದ ಹಾಗಾಗುತ್ತೆ, ಅಳ್ಬೇಕು ಅನ್ಸಿದ್ರೆ ಅಳು" ಎನ್ನು. "ಹಟ ಮಾಡಿದ್ರೆ ಸಿಸ್ಟರ್ ಸೂಜಿ ಚುಚ್ತಾರೆ ನೋಡು" ಎಂದು ಹೆದರಿಸುವ ತಾಯಿಯನ್ನು ಅಲ್ಲೇ ನಗುನಗುತ್ತ ತಡೆ. ಡ್ರಿಪ್ ಹಾಕಿದ ಮೇಲೆ ಲೆಕ್ಕ ತಪ್ಪಬೇಡ. ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲಿಗೆ 60 ಹನಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿ ಬರೆದಿದ್ದಾರೋ ನಿಮಿಷಕ್ಕೆ ಅಷ್ಟೇ ಹನಿ. ಸೂಜಿಯ ಸುತ್ತ ಊದಿದರೆ ನಿನ್ನನ್ನು ಕೂಗಲು ತಾಯಿಗೆ ಮೊದಲೇ ಹೇಳಿಟ್ಟಿರು.

ಈಗ ಯಾರೂ ಕೇಳದೆ ನೀನಾಗಿ ನೋಡಬೇಕಾದದ್ದು. ಭೇದಿಗೆಂದು ಬಂದ ಮಗು ಎಂಟೊಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರಬಹುದು. ಜ್ವರಕ್ಕೆಂದು ಬಂದದ್ದು ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರಬಹುದು. ಎರಡು ವರ್ಷಕ್ಕೂ "ಅಮ್ಮ ಬಾ" ಎಂದು ಎರಡು ಪದ ಕೂಡಿಸದಿರಬಹುದು. "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಕಿವಿ ಕೇಳದ ಕೂಸಿನ ಲೆಕ್ಕ ಬೇರೆ: ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಸಹಾಯ ಶುರುವಾದರೆ ಮಾತು ಕಲಿಯುವ ದಾರಿ ಸುಗಮ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗೆ ಇಂಥ ತಪಾಸಣೆ, ಚಿಕಿತ್ಸೆ ಉಚಿತ. ಜಿಲ್ಲಾ ಮಟ್ಟದಲ್ಲಿ ಶೀಘ್ರ ಹಸ್ತಕ್ಷೇಪ ಕೇಂದ್ರವಿದೆ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. "ಎಲ್ಲಾದರೂ ತೋರಿಸಿ" ಎನ್ನಬೇಡ. ಯಾವ ಕಟ್ಟಡ, ಯಾವ ವಾರ, ಯಾರನ್ನು ಕೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಡು.

ಸೆರೆಬ್ರಲ್ ಪಾಲ್ಸಿಯ ಮಗು ನ್ಯುಮೋನಿಯಾ ಎಂದು ಮತ್ತೆ ಮತ್ತೆ ವಾರ್ಡಿಗೆ ಬರುತ್ತಿದ್ದರೆ ಊಟದ ಹೊತ್ತಿಗೆ ಹೋಗಿ ನಿಂತು ನೋಡು. ಅಂಗಾತ ಮಲಗಿಸಿ ತಿನ್ನಿಸುತ್ತಿದ್ದರೆ ಕಾರಣ ಅಲ್ಲೇ ಇರಬಹುದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿರುವಂತೆ ಹಿಡಿದು, ಗಟ್ಟಿ ಗಂಜಿಯನ್ನು ಪುಟ್ಟ ಚಮಚೆಯಲ್ಲಿ ತಿನ್ನಿಸುವುದನ್ನು ಅವಳ ಕೈಯಿಂದಲೇ ಮಾಡಿಸು. ಇಂಥ ಮಗುವಿನ ತಾಯಿಗೆ ಊರೆಲ್ಲ ಗ್ರಹಣದ ಕಾರಣ ಹೇಳಿ, ಅವಳದೇ ತಪ್ಪೆಂದು ನಂಬಿಸಿರುತ್ತದೆ. ನಿನ್ನ ತಪ್ಪಲ್ಲಮ್ಮ ಎಂಬ ಮಾತನ್ನು ಬಿಳಿ ಕೋಟಿನವರ ಬಾಯಿಂದ ಒಮ್ಮೆಯಾದರೂ ಕೇಳಲಿ.

ಡಿಸ್ಚಾರ್ಜ್ ದಿನ ಚೀಟಿ ಕೈಗಿಟ್ಟು ಕಳಿಸಬೇಡ, ಐದು ನಿಮಿಷ ಕೂರಿಸಿಕೋ. ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಈ ನಾಲ್ಕರಲ್ಲಿ ಒಂದಾದರೂ ಕಂಡರೆ ಹಗಲು ರಾತ್ರಿ ನೋಡದೆ ಬರಬೇಕೆಂದು ಹೇಳು. ಆಮೇಲೆ "ಗೊತ್ತಾಯ್ತಾ?" ಎಂದು ಕೇಳಬೇಡ, ಎಲ್ಲರೂ ಹೂಂ ಎನ್ನುತ್ತಾರೆ. "ಮನೇಲಿ ನಿಮ್ಮತ್ತೆ ಕೇಳಿದ್ರೆ ಏನು ಹೇಳ್ತೀಯಮ್ಮ?" ಎಂದು ಕೇಳು. ಅವಳ ಉತ್ತರದಲ್ಲಿ ಬಿಟ್ಟುಹೋದದ್ದೇ ನೀನು ಇನ್ನೊಮ್ಮೆ ಕಲಿಸಬೇಕಾದ್ದು.

ಕೊನೆಯದು, ನಾಲಿಗೆಯ ಮೇಲೆ ಹಿಡಿತ. ನಾಲ್ಕು ದಿನ ತಡಮಾಡಿ ಸೊರಗಿದ ಮಗುವನ್ನು ಎತ್ತಿಕೊಂಡು ಬಂದವಳನ್ನು ಕಂಡರೆ ಸಿಟ್ಟು ಬರುತ್ತದೆ. ಅವಳಿಗೆ ಬಸ್ಸಿರಲಿಲ್ಲವೋ, ಕೂಲಿ ಬಿಡಲಾಗಲಿಲ್ಲವೋ, ಗಂಡ ಊರಲ್ಲಿರಲಿಲ್ಲವೋ. "ಇಷ್ಟು ದಿನ ಏನ್ಮಾಡ್ತಿದ್ದೆ?" ಎಂದು ನಾಲ್ಕು ಜನರೆದುರು ಬೈಸಿಕೊಂಡವಳು ಮುಂದಿನ ಸಲ ಇನ್ನೂ ತಡವಾಗಿ ಬರುತ್ತಾಳೆ, ಇಲ್ಲವೇ ಬರುವುದೇ ಇಲ್ಲ. ಅದರ ದಂಡ ತೆರುವುದು ಮಗು. ಮೊದಲು "ಕರ್ಕೊಂಡು ಬಂದಿದ್ದು ಒಳ್ಳೇದಾಯ್ತಮ್ಮ" ಎಂದು ಮಗುವನ್ನು ಕೈಗೆ ತಗೋ. ತಡವಾದದ್ದರ ಪಾಠವನ್ನು ಮಗು ಚೇತರಿಸಿಕೊಂಡ ಮೇಲೆ ಹೇಳಿದರೂ ಅವಳು ಕೇಳುತ್ತಾಳೆ, ಆಗಲೇ ಚೆನ್ನಾಗಿ ಕೇಳುತ್ತಾಳೆ.