ಮರಳುನಾಡಿನ ಮಕ್ಕಳು ಕಟ್ಟಿದ ಜಲಯಂತ್ರ

ರೋಬೋಟ್ ಎಂಬ ಶಬ್ದವು ಇಂದು ಪ್ರಾಥಮಿಕ ಶಾಲೆಯ ಬಾಲಕರ ಬಾಯಲ್ಲಿಯೂ ಸಲೀಸಾಗಿ ಸಂಚರಿಸುತ್ತಿದೆ. ಆದರೆ ಅದರ ಜನ್ಮಸ್ಥಾನವು ಯಂತ್ರಶಾಲೆಯಲ್ಲ, ನಾಟಕಸಾಹಿತ್ಯವೆಂಬುದನ್ನು ಬಲ್ಲವರು ವಿರಳ. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕನು ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಈ ಶಬ್ದವು ಮೊದಲು ಕಾಣಿಸಿಕೊಂಡಿತು. ಅದನ್ನು ಸೂಚಿಸಿದವನು ಅವನ ಅಣ್ಣನಾದ ಚಿತ್ರಕಾರ ಯೋಸೆಫ್. ಆ ಭಾಷೆಯಲ್ಲಿ ‘ರೊಬೊತಾ’ ಎಂದರೆ ಬಿಟ್ಟಿಚಾಕರಿ, ಒಡೆಯನಿಗಾಗಿ ಬಲವಂತಕ್ಕೆ ಮಾಡುವ ದುಡಿಮೆ. ನಮ್ಮ ‘ಯಂತ್ರ’ ಶಬ್ದದ ವ್ಯುತ್ಪತ್ತಿಯಾದರೋ ಬೇರೊಂದು ದಿಕ್ಕಿಗೆ ಕೈ ತೋರುತ್ತದೆ. ‘ಯಮ್’ ಧಾತುವಿಗೆ ಹಿಡಿತದಲ್ಲಿಡುವುದು, ನಿಯಮಿಸುವುದು ಎಂದರ್ಥ. ನಿಯಮ, ಸಂಯಮ, ಯಂತ್ರ ಇವು ಒಂದೇ ಬೇರಿನ ಚಿಗುರುಗಳು. ವಿದ್ಯಾರ್ಥಿಗಳು ಸ್ಪರ್ಧೆಗಾಗಿ ರೋಬೋಟ್ ಕಟ್ಟುವಾಗ ನಿಯಮನಕ್ಕೆ ಒಳಗಾಗುವುದು ಕೇವಲ ಲೋಹವೂ ತಂತಿಯೂ ಅಲ್ಲ, ಕಟ್ಟುವವರ ಬುದ್ಧಿಯೂ ಹೌದು. ಈ ಮಾತಿಗೆ ಸಾಕ್ಷಿಯಾಗಿ ೨೦೦೪ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಒಂದು ಪ್ರಸಂಗವನ್ನು ವಾಚಕರ ಮುಂದಿಟ್ಟು, ಅದರಿಂದ ಶಿಕ್ಷಕರೂ ಪೋಷಕರೂ ಗ್ರಹಿಸಬಹುದಾದ ತತ್ತ್ವವನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಸ್ಪರ್ಧೆಯ ಸ್ವರೂಪ

ನೀರಿನಲ್ಲಿ ಪ್ರತಿ ಹತ್ತು ಮೀಟರು ಆಳಕ್ಕೆ ಇಳಿದಂತೆಲ್ಲ ಒಂದು ವಾಯುಮಂಡಲದಷ್ಟು ಒತ್ತಡವು ಅಧಿಕವಾಗುತ್ತ ಹೋಗುತ್ತದೆ. ಆದ್ದರಿಂದ ಮನುಷ್ಯನು ಮುಳುಗಿ ಹೋಗಲಾಗದ ಸಮುದ್ರತಳಕ್ಕೆ ಯಂತ್ರಗಳನ್ನು ಕಳುಹಿಸುವ ಪದ್ಧತಿ ಬೆಳೆದು ಬಂದಿದೆ. ರೇಡಿಯೋ ತರಂಗಗಳು ಕಡಲ ನೀರಿನಲ್ಲಿ ಬಹುದೂರ ಸಾಗಲಾರವು. ಅದರಿಂದ ಇಂತಹ ದೂರನಿಯಂತ್ರಿತ ಯಂತ್ರಕ್ಕೆ ದಡದಿಂದಲೋ ಹಡಗಿನಿಂದಲೋ ಒಂದು ತಂತಿಯ ಹುರಿ ಇರಲೇಬೇಕು. ಮೇಲೆ ಕುಳಿತವನು ಆ ಹುರಿಯ ಮೂಲಕ ಆಜ್ಞೆಯನ್ನು ಕಳುಹಿಸುತ್ತಾನೆ. ಕೆಳಗಿರುವ ಯಂತ್ರವು ತಾನು ಕಂಡದ್ದನ್ನು ಅದೇ ಹುರಿಯ ಮೂಲಕ ಮೇಲಕ್ಕೆ ತೋರಿಸುತ್ತದೆ.

ಈ ವಿದ್ಯೆಯಲ್ಲಿ ತರುಣರನ್ನು ತೊಡಗಿಸುವ ಸಲುವಾಗಿ ಕ್ಯಾಲಿಫೋರ್ನಿಯಾದ ‘ಮೇಟ್’ ಎಂಬ ಸಾಗರ ತಂತ್ರಜ್ಞಾನ ಶಿಕ್ಷಣ ಕೇಂದ್ರವು ೨೦೦೨ರಿಂದ ಸ್ಪರ್ಧೆಯೊಂದನ್ನು ನಡೆಸಿಕೊಂಡು ಬಂದಿದೆ. ೨೦೦೪ರ ಜೂನ್ ತಿಂಗಳಿನಲ್ಲಿ ಸಾಂತಾ ಬಾರ್ಬರಾದ ವಿಶ್ವವಿದ್ಯಾಲಯದಲ್ಲಿ ಅದರ ಮೂರನೆಯ ವರ್ಷದ ಸ್ಪರ್ಧೆ ನೆರವೇರಿತು. ಕೊಳದ ತಳದಲ್ಲಿ ಮುಳುಗಿದ ಜಲಾಂತರ್ಗಾಮಿ ನೌಕೆಯ ಮಾದರಿಯನ್ನು ಇರಿಸಲಾಗಿತ್ತು. ಅದರ ಉದ್ದವನ್ನು ಅಳೆಯುವುದು, ಆಳವನ್ನು ನಿರ್ಣಯಿಸುವುದು, ಪಾತ್ರೆಯೊಂದರಿಂದ ದ್ರವವನ್ನು ಹೀರಿ ತರುವುದು, ನಾಯಕನ ಗಂಟೆಯನ್ನು ಎತ್ತಿ ತರುವುದು ಮೊದಲಾದ ಕೆಲಸಗಳನ್ನು ಯಂತ್ರವು ಮಾಡಬೇಕಾಗಿತ್ತು. ಅಷ್ಟರಿಂದಲೇ ಮುಗಿಯುತ್ತಿರಲಿಲ್ಲ. ಯಂತ್ರದ ರಚನೆಯನ್ನು ಕುರಿತು ಲಿಖಿತ ವರದಿಯನ್ನು ಒಪ್ಪಿಸಬೇಕಾಗಿತ್ತು. ತಜ್ಞರ ಮುಂದೆ ನಿಂತು ಪ್ರಶ್ನೆಗಳಿಗೆ ಬಾಯಿಮಾತಿನಲ್ಲಿ ಸಮಾಧಾನ ಹೇಳಬೇಕಾಗಿತ್ತು. ಇವಕ್ಕೂ ಅಂಕಗಳಿದ್ದವು. ಈ ಒಂದು ವಿವರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಗುರುಗಳು ಮತ್ತು ಶಿಷ್ಯರು

ಅರಿಜೋನಾ ರಾಜ್ಯದ ಫೀನಿಕ್ಸ್ ನಗರವು ಮರುಭೂಮಿಯ ನಡುವೆ ಇದೆ. ಅದರ ಪಶ್ಚಿಮಭಾಗದ ಬಡವರ ಬಡಾವಣೆಯಲ್ಲಿ ಕಾರ್ಲ್ ಹೇಡನ್ ಪ್ರೌಢಶಾಲೆ ಎಂಬುದೊಂದು ಸರ್ಕಾರಿ ಶಾಲೆ. ಅಲ್ಲಿ ವಿಜ್ಞಾನವನ್ನು ಬೋಧಿಸುತ್ತಿದ್ದ ಫ್ರೆಡಿ ಲಜ್ವರ್ದಿ ಎಂಬವರು ಇರಾನಿನಲ್ಲಿ ಜನಿಸಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದವರು. ಅವರ ಜೊತೆಗಾರರು ಗಣಕವಿಜ್ಞಾನದ ಅಧ್ಯಾಪಕ ಅಲನ್ ಕ್ಯಾಮರನ್. ಇವರಿಬ್ಬರೂ ಶಾಲೆಯ ಅವಧಿ ಮುಗಿದ ಮೇಲೆ ಉಳಿದು ನಾಲ್ವರು ಹುಡುಗರನ್ನು ಕೂಡಿಸಿಕೊಂಡರು. ಕ್ರಿಸ್ಟಿಯನ್ ಆರ್ಸೇಗ ಲೆಕ್ಕದಲ್ಲಿ ಚತುರ. ಲೊರೆಂಜೊ ಸಾಂಟಿಯಾನ್ ಮೋಟಾರು ಗಾಡಿಗಳ ದುರಸ್ತಿಯನ್ನು ಹತ್ತಿರದಿಂದ ನೋಡಿ ಕಲಿತವನು. ಲೂಯಿಸ್ ಅರಾಂಡ ದೇಹಬಲದಲ್ಲಿ ದೊಡ್ಡವನು, ಮಾತಿನಲ್ಲಿ ಮಿತ. ಆಸ್ಕರ್ ವಾಸ್ಕ್ವೆಜ್ ಶಾಲೆಯ ಸೈನಿಕ ಶಿಕ್ಷಣ ದಳದಲ್ಲಿ ತರಬೇತಿ ಪಡೆದು, ಸಂಗಡಿಗರನ್ನು ಕಾರ್ಯದಲ್ಲಿ ಹಚ್ಚುವ ಶಕ್ತಿಯುಳ್ಳವನು.

ನಾಲ್ವರೂ ಮೆಕ್ಸಿಕೋದಲ್ಲಿ ಜನಿಸಿ, ತಂದೆತಾಯಿಗಳ ಜೊತೆಗೆ ಜೀವನೋಪಾಯವನ್ನು ಅರಸಿ ಬಂದ ಮಕ್ಕಳು. ಮನೆಯ ಭಾಷೆ ಸ್ಪ್ಯಾನಿಷ್, ಶಾಲೆಯ ಭಾಷೆ ಇಂಗ್ಲಿಷ್. ಅವರಲ್ಲಿ ಹೆಚ್ಚಿನವರಿಗೆ ಆ ದೇಶದಲ್ಲಿ ವಾಸಿಸಲು ಬೇಕಾದ ಕಾಗದಪತ್ರಗಳಿರಲಿಲ್ಲ. ಆಸ್ಕರನಿಗೆ ಸೈನ್ಯವನ್ನು ಸೇರುವ ಬಯಕೆ ಬಲವಾಗಿದ್ದಿತು; ಕಾಗದಪತ್ರವಿಲ್ಲದವನಿಗೆ ಆ ದಾರಿಯೂ ಮುಚ್ಚಿತ್ತು.

ಅಧ್ಯಾಪಕರು ಸ್ಪರ್ಧೆಯ ಕಿರಿಯ ವಿಭಾಗವನ್ನು ಬಿಟ್ಟು, ಕಾಲೇಜುಗಳು ಭಾಗವಹಿಸುವ ಹಿರಿಯ ವಿಭಾಗಕ್ಕೆ ಈ ಹುಡುಗರ ಹೆಸರನ್ನು ಬರೆಸಿದರು. ಸಮಾನರ ಮುಂದೆ ಸೋತರೆ ಮಕ್ಕಳ ಮನಸ್ಸು ಮುದುಡೀತು, ಹಿರಿಯರ ಮುಂದೆ ಸೋತರೆ ನಾಚಿಕೆಯೇನೂ ಇಲ್ಲ ಎಂಬುದು ಅವರ ಎಣಿಕೆ. ಎದುರಾಳಿಗಳಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರೂ ಇದ್ದರು. ಅವರ ತಂಡದಲ್ಲಿ ಹನ್ನೆರಡು ಜನ. ಕೈಯಲ್ಲಿ ಹತ್ತು ಸಾವಿರ ಡಾಲರಿಗೂ ಮೀರಿದ ಧನ. ಫೀನಿಕ್ಸಿನ ಹುಡುಗರು ಊರಿನ ವ್ಯಾಪಾರಸ್ಥರನ್ನು ಕೇಳಿ ಕೂಡಿಸಿದ್ದು ಸುಮಾರು ೮೦೦ ಡಾಲರು.

ಯಂತ್ರದ ರಚನೆ

ಹಣದ ಅಭಾವವೇ ಇಲ್ಲಿ ವಿಚಾರಕ್ಕೆ ದಾರಿಮಾಡಿತು. ಯಂತ್ರದ ಚೌಕಟ್ಟನ್ನು ಲೋಹದಿಂದ ಮಾಡುವ ಶಕ್ತಿ ಇಲ್ಲದುದರಿಂದ ನೀರಿನ ನಲ್ಲಿಗೆ ಬಳಸುವ ಪಿ.ವಿ.ಸಿ. ಕೊಳವೆಗಳನ್ನು ತಂದು ಜೋಡಿಸಿದರು. ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿಯು ಯಂತ್ರವನ್ನು ತೇಲಿಸುತ್ತದೆ, ಅದೇ ಕೊಳವೆಯೊಳಗೆ ತಂತಿಗಳನ್ನು ನೀರು ತಾಗದಂತೆ ಹಾಯಿಸಬಹುದು. ಹೀಗೆ ಅಗ್ಗದ ವಸ್ತುವೊಂದು ಎರಡು ಕೆಲಸಗಳನ್ನು ನಿರ್ವಹಿಸಿತು. ಕೊಳವೆಗಳನ್ನು ಅಂಟಿಸಿದ ಗೋಂದಿನ ಘಾಟು ಸಹಿಸಲಾಗದಷ್ಟು ಇದ್ದುದರಿಂದ ಹುಡುಗರು ಆ ಯಂತ್ರಕ್ಕೆ ‘ಸ್ಟಿಂಕಿ’, ಅಂದರೆ ‘ನಾತದವನು’ ಎಂದು ನಾಮಕರಣ ಮಾಡಿದರು.

ಆದರೆ ಕೊಳವೆಗಳಲ್ಲಿ ಹಿಡಿಯುವ ಗಾಳಿಯ ಗಾತ್ರವನ್ನು ಗಣಿಸಿ ನೋಡಿದಾಗ ಯಂತ್ರವು ಮುಳುಗುವುದಕ್ಕೆ ಭಾರವು ಸಾಲದೆಂದು ತಿಳಿಯಿತು. ವಸ್ತುವು ತಾನು ತಳ್ಳಿದ ನೀರಿನ ತೂಕದಷ್ಟೇ ಬಲದಿಂದ ಮೇಲಕ್ಕೆ ನೂಕಲ್ಪಡುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಪಾಠದಲ್ಲಿ ಎಲ್ಲರೂ ಕಂಠಸ್ಥ ಮಾಡಿರುತ್ತಾರೆ. ಇಲ್ಲಿ ಅದು ಕಣ್ಣೆದುರಿನ ತೊಡಕಾಗಿ ಬಂದು ನಿಂತಿತು. ಬರಿಯ ಕಲ್ಲು ಕಬ್ಬಿಣವನ್ನು ಹೇರುವ ಬದಲು, ದಡದಲ್ಲಿ ಇಡಬಹುದಾಗಿದ್ದ ಬ್ಯಾಟರಿಯನ್ನೇ ನೀರು ಹೊಗದ ಪೆಟ್ಟಿಗೆಯಲ್ಲಿರಿಸಿ ಯಂತ್ರದೊಳಗೆ ಕೂರಿಸಿದರೆ ಹೇಗೆಂದು ಕ್ರಿಸ್ಟಿಯನ್ ಸೂಚಿಸಿದನು. ಭಾರವು ದೊರೆಯಿತು. ವಿದ್ಯುಚ್ಛಕ್ತಿಯನ್ನು ಮೇಲಿನಿಂದ ಸಾಗಿಸುವ ದಪ್ಪ ತಂತಿ ಬೇಡವಾಗಿ, ಹುರಿಯು ತೆಳ್ಳಗಾಗಿ ಯಂತ್ರದ ಚಲನೆಯೂ ಹಗುರವಾಯಿತು. ಪೆಟ್ಟಿಗೆಗೆ ನೀರು ನುಗ್ಗಿದರೆ ಸರ್ವನಾಶವೆಂಬ ಅಪಾಯವನ್ನು ಅರಿತೇ ಅವರು ಈ ಮಾರ್ಗವನ್ನು ಹಿಡಿದರು.

ಬೆಲೆಬಾಳುವ ಉಪಕರಣಗಳಿಗಾಗಿ ತಯಾರಕರಿಗೂ ಮಾರಾಟಗಾರರಿಗೂ ದೂರವಾಣಿ ಮಾಡಿ ಸಲಹೆಯನ್ನು ಬೇಡಿದರು, ಸಾಧನಗಳನ್ನು ಎರವಲು ಪಡೆದರು. ಉದ್ದವನ್ನು ಅಳೆಯುವ ಲೇಸರ್ ಉಪಕರಣವು ಹೀಗೆ ಬಂದುದು. ಅದು ಗಾಳಿಯಲ್ಲಿ ಅಳೆಯಲೆಂದು ಮಾಡಿದುದು. ನೀರಿನ ವಕ್ರೀಭವನಾಂಕ ಸುಮಾರು ೧.೩೩, ಎಂದರೆ ಬೆಳಕು ನೀರಿನಲ್ಲಿ ಅಷ್ಟು ಪಾಲು ನಿಧಾನವಾಗಿ ಚಲಿಸುತ್ತದೆ. ಆದ ಕಾರಣ ನೀರಿನೊಳಗೆ ಆ ಉಪಕರಣವು ನಿಜವಾದ ದೂರಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿ ತೋರಿಸುತ್ತದೆ. ಈ ವ್ಯತ್ಯಾಸವನ್ನು ಹುಡುಗರು ಲೆಕ್ಕಹಾಕಿ ತಿದ್ದಿಕೊಂಡರು.

ವಿಘ್ನ ಮತ್ತು ಉಪಾಯ

ಸ್ಪರ್ಧೆಯ ಸ್ಥಳಕ್ಕೆ ಹೋಗಿ ಅಭ್ಯಾಸಕ್ಕೆಂದು ಯಂತ್ರವನ್ನು ನೀರಿಗಿಳಿಸಿದಾಗ, ಅಂಜಿದಂತೆಯೇ ಪೆಟ್ಟಿಗೆಯೊಳಗೆ ನೀರು ಜಿನುಗಿತು. ಹೊಸ ಪೆಟ್ಟಿಗೆಯನ್ನು ಕೊಳ್ಳಲು ಹಣವೂ ಇರಲಿಲ್ಲ, ಕಾಲವೂ ಇರಲಿಲ್ಲ. ಸೋರಿಕೆಯನ್ನು ತಡೆಯಲಾಗದಿದ್ದರೆ ಸೋರಿದ ನೀರನ್ನಾದರೂ ಹೀರಿಕೊಳ್ಳುವ ವಸ್ತುವೊಂದನ್ನು ಒಳಗಿಡಬೇಕೆಂಬ ಆಲೋಚನೆ ಹೊಳೆಯಿತು. ಸ್ತ್ರೀಯರು ಋತುಕಾಲದಲ್ಲಿ ಬಳಸುವ ಹತ್ತಿಯ ಸಾಧನಕ್ಕಿಂತ ಇದಕ್ಕೆ ತಕ್ಕುದು ಬೇರೊಂದಿಲ್ಲವೆಂದು ನಿರ್ಣಯಿಸಿದರು. ಲೊರೆಂಜೊ ಸಂಕೋಚವನ್ನು ಬದಿಗೊತ್ತಿ ಅಂಗಡಿಗೆ ಹೋದನು. ಯಾವುದನ್ನು ಕೊಳ್ಳಬೇಕೆಂದು ಅಪರಿಚಿತ ಸ್ತ್ರೀಯೊಬ್ಬಳನ್ನು ವಿನಯದಿಂದ ಕೇಳಿ ತಿಳಿದು ತಂದನು. ಸಡಿಲಗೊಂಡ ತಂತಿಗಳನ್ನು ರಾತ್ರಿಯೆಲ್ಲ ಎಚ್ಚರವಿದ್ದು ಬೆಸುಗೆ ಹಾಕಿ ಸರಿಪಡಿಸಿದರು. ಈ ಉಪಾಯವನ್ನು ಕೇಳಿ ನಗುವವರು ನಗಬಹುದು. ಆದರೆ ವಸ್ತುವಿನ ಹೆಸರನ್ನು ಮರೆತು ಅದರ ಗುಣವನ್ನಷ್ಟೇ ನೋಡುವುದು ವಿಜ್ಞಾನದೃಷ್ಟಿಯ ಮೊದಲ ಲಕ್ಷಣವಲ್ಲವೆ?

ವಾಕ್‌ಪರೀಕ್ಷೆ

ಪ್ರಶ್ನಿಸಲು ಕುಳಿತವರು ಸಾಮಾನ್ಯರಲ್ಲ. ಅಮೆರಿಕದ ನೌಕಾಪಡೆಯ ಸಂಶೋಧನ ವಿಭಾಗದಿಂದಲೂ ‘ನಾಸಾ’ ಸಂಸ್ಥೆಯಿಂದಲೂ ಬಂದ ತಜ್ಞರು. ಲೇಸರ್ ಮಾಪನವು ನೀರಿನಲ್ಲಿ ಹೇಗೆ ಸಾಧ್ಯವಾಯಿತು, ಮೋಟಾರುಗಳ ವೇಗವನ್ನು ಹೇಗೆ ನಿಯಂತ್ರಿಸಿದಿರಿ ಎಂಬಂತಹ ಪ್ರಶ್ನೆಗಳು ಬಂದವು. ಎರಡನೆಯದು ಸೂಕ್ಷ್ಮವಾದ ವಿಷಯ. ಮೋಟಾರಿಗೆ ವಿದ್ಯುತ್ತನ್ನು ಒಂದೇ ಸಮನೆ ಹರಿಸದೆ, ಒಂದು ಸೆಕೆಂಡಿನಲ್ಲಿ ಹಲವು ಬಾರಿ ಕೊಟ್ಟು ನಿಲ್ಲಿಸುತ್ತಾರೆ. ಕೊಡುವ ಅವಧಿಯು ಹಿಗ್ಗಿದರೆ ವೇಗವು ಏರುತ್ತದೆ, ಕುಗ್ಗಿದರೆ ಇಳಿಯುತ್ತದೆ. ನಾಲ್ವರೂ ಸರದಿಯಂತೆ ಉತ್ತರಿಸಿದರು. ಉತ್ತರವನ್ನು ಒಬ್ಬನಿಗೇ ಒಪ್ಪಿಸಿ ಉಳಿದವರು ಹಿಂದೆ ನಿಲ್ಲಲಿಲ್ಲ.

ಮರುದಿನ ಕೊಳದೊಳಗಿನ ಕೆಲಸಗಳಲ್ಲಿ ಅವರಿಗೆ ದೊರೆತದ್ದು ಮೂರನೆಯ ಸ್ಥಾನ. ಆದರೆ ಯಂತ್ರದ ರಚನಾಸೌಷ್ಠವಕ್ಕೆ ಬಹುಮಾನ ಬಂದಿತು. ತಾಂತ್ರಿಕ ಬರವಣಿಗೆಗೂ ಬಂದಿತು. ಎಲ್ಲ ಅಂಕಗಳನ್ನು ಕೂಡಿಸಿದಾಗ ಪ್ರಥಮಸ್ಥಾನವು ಕಾರ್ಲ್ ಹೇಡನ್ ಪ್ರೌಢಶಾಲೆಗೆ ಸಂದಿತು, ಮೆಸಾಚುಸೆಟ್ಸಿನವರು ದ್ವಿತೀಯರಾದರು.

ಇಲ್ಲಿ ಭಾಷಾಬೋಧಕರು ಒಂದು ಕ್ಷಣ ನಿಲ್ಲಬೇಕು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಹುಡುಗರು ಇಂಗ್ಲಿಷ್ ಬರವಣಿಗೆಯಲ್ಲಿ ಆ ಭಾಷೆಯಲ್ಲಿಯೇ ಹುಟ್ಟಿ ಬೆಳೆದವರನ್ನು ಹೇಗೆ ಮೀರಿಸಿದರು? ತಮ್ಮ ಕೈಯಿಂದ ಅಳೆದು, ಕೊಯ್ದು, ಅಂಟಿಸಿ, ಕೆಟ್ಟಾಗ ಬಿಚ್ಚಿ ನೋಡಿದ ವಸ್ತುವನ್ನು ಕುರಿತು ಬರೆಯುವವನಿಗೆ ಪದಾಡಂಬರದ ಅವಶ್ಯಕತೆ ಬೀಳುವುದಿಲ್ಲ. ಇದು ಹೀಗೇಕೆ ಎಂಬ ಪ್ರಶ್ನೆಗೆ ಉತ್ತರವು ಅವನಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ವಾಕ್ಯವು ಅದನ್ನು ಹೊತ್ತು ತಂದರೆ ಸಾಕು. ನಮ್ಮ ತರಗತಿಗಳಲ್ಲಿ ಪ್ರಬಂಧಲೇಖನವೆಂದರೆ ಕಾಣದ ಕಡಲನ್ನೂ ಏರದ ಬೆಟ್ಟವನ್ನೂ ಬಣ್ಣಿಸುವುದು ಎಂಬಂತಾಗಿದೆ. ಪ್ರಯೋಗಶಾಲೆಯಲ್ಲಿ ತಾನು ಮಾಡಿದ ಪ್ರಯೋಗವನ್ನು ಹುಡುಗನು ಶುದ್ಧ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಬರೆದುದನ್ನು ವಿಜ್ಞಾನದ ಅಧ್ಯಾಪಕರೂ ಭಾಷೆಯ ಅಧ್ಯಾಪಕರೂ ಕೂಡಿ ತಿದ್ದಲಿ. ಇದಕ್ಕೆ ಹಣವೇನೂ ಬೇಡ, ಇಬ್ಬರು ಅಧ್ಯಾಪಕರು ಒಂದೆಡೆ ಕೂಡುವ ಮನಸ್ಸು ಬೇಕು.

ಅನಂತರದ ಕಥೆ

ಗೆಲುವಿನ ವೃತ್ತಾಂತವನ್ನು ಇಲ್ಲಿಗೇ ಮುಗಿಸಿದರೆ ಕೇಳಲು ಹಿತವಾಗಿರುತ್ತದೆ, ಸತ್ಯವು ಅರ್ಧವಾಗುತ್ತದೆ. ೨೦೦೫ರಲ್ಲಿ ಪತ್ರಕರ್ತ ಜೋಶುವಾ ಡೇವಿಸ್ ‘ವೈರ್ಡ್’ ಪತ್ರಿಕೆಯಲ್ಲಿ ಈ ವಿಷಯವನ್ನು ಬರೆದಾಗ ಓದಿದವರು ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆ ಧನಸಹಾಯ ಮಾಡಿದರು. ೨೦೧೫ರಲ್ಲಿ ಇದು ಚಲನಚಿತ್ರವೂ ಆಯಿತು. ಆದರೆ ೨೦೦೬ರಲ್ಲಿ ಅರಿಜೋನಾದ ಮತದಾರರು ಅಂಗೀಕರಿಸಿದ ಶಾಸನವೊಂದು, ಕಾಗದಪತ್ರವಿಲ್ಲದ ವಿದ್ಯಾರ್ಥಿಗಳಿಗೆ ಸ್ಥಳೀಯರ ಕಡಿಮೆ ಶುಲ್ಕದ ಸೌಲಭ್ಯವನ್ನು ತಪ್ಪಿಸಿತು. ವಿಶ್ವವಿದ್ಯಾಲಯವನ್ನು ಸೇರಿದ್ದ ಕ್ರಿಸ್ಟಿಯನ್ ಶುಲ್ಕದ ಭಾರವನ್ನು ಹೊರಲಾರದೆ ಓದನ್ನು ಬಿಟ್ಟನು. ಲೊರೆಂಜೊ ಮತ್ತು ಲೂಯಿಸ್ ಪಾಕಶಾಸ್ತ್ರವನ್ನು ಕಲಿತು ಅಡುಗೆಯ ವೃತ್ತಿಯನ್ನು ಹಿಡಿದರು. ಆಸ್ಕರನು ೨೦೦೯ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನು ಪಡೆದು, ನ್ಯಾಯಸಮ್ಮತವಾಗಿಯೇ ಮರಳಿ ಬರಬೇಕೆಂಬ ಹಟದಿಂದ ತಾನಾಗಿ ಮೆಕ್ಸಿಕೋಗೆ ಹೋದನು. ಅಲ್ಲಿ ಹತ್ತು ವರ್ಷಗಳ ನಿಷೇಧವು ಅವನನ್ನು ಎದುರುಗೊಂಡಿತು. ಸೆನೆಟರ್ ಡಿಕ್ ಡರ್ಬಿನ್ ಅವರ ಪ್ರಯತ್ನವೂ ಒದಗಿ, ೨೦೧೦ರಲ್ಲಿ ಅನುಮತಿ ದೊರೆತು ಹಿಂತಿರುಗಿದನು. ಮುಂದೆ ಅದೇ ದೇಶದ ಸೈನ್ಯವನ್ನು ಸೇರಿ ಆಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿ, ಅಲ್ಲಿನ ಪೌರನೂ ಆದನು. ಶುಲ್ಕದ ಆ ತಡೆಯನ್ನು ಅರಿಜೋನಾದ ಮತದಾರರೇ ೨೦೨೨ರಲ್ಲಿ ತೆಗೆದುಹಾಕಿದರು. ಕ್ರಿಸ್ಟಿಯನ್ ಓದು ಬಿಟ್ಟು ಆ ವೇಳೆಗೆ ಎಷ್ಟೋ ವರ್ಷಗಳು ಕಳೆದಿದ್ದವು.

ಉಪಸಂಹಾರ

ಈ ಪ್ರಸಂಗದಲ್ಲಿ ದಾನಿಗಳಿಗೂ ಒಂದು ವಿಚಾರ ಅಡಗಿದೆ. ಎಂಟುನೂರು ಡಾಲರು ಒಂದು ಯಂತ್ರವನ್ನು ಕಟ್ಟಿಸಿತು. ಆದರೆ ಯಂತ್ರವನ್ನು ಕಟ್ಟಿದ ಹುಡುಗನು ಮುಂದಿನ ನಾಲ್ಕು ವರ್ಷ ಓದಲು ಬೇಕಾದದ್ದು ಬೇರೆಯೇ ಬಗೆಯ ನೆರವು. ಕಟ್ಟಡಕ್ಕೆ, ಉಪಕರಣಕ್ಕೆ ಕೊಟ್ಟ ದ್ರವ್ಯವು ಗೋಡೆಯ ಮೇಲಿನ ಶಿಲಾಫಲಕದಲ್ಲಿ ಕಾಣುತ್ತದೆ. ಪ್ರತಿಭಾವಂತನೊಬ್ಬನ ಶುಲ್ಕವು ನಿಂತುಹೋದ ವರ್ಷದಲ್ಲಿ ಕೊಟ್ಟ ದ್ರವ್ಯವು ಎಲ್ಲಿಯೂ ಕಾಣುವುದಿಲ್ಲ. ಆದರೂ ಎರಡನೆಯದರ ಅವಶ್ಯಕತೆ ಹಿರಿದು. ಹಳೆಯ ವಿದ್ಯಾರ್ಥಿಗಳು ತಮ್ಮ ವೃತ್ತಿಯಲ್ಲಿ ಬಳಸಿ ಬಿಟ್ಟ ಸಾಧನಗಳನ್ನೂ, ಅದಕ್ಕಿಂತ ಮಿಗಿಲಾಗಿ ದೂರವಾಣಿಯಲ್ಲಿ ಹುಡುಗನೊಬ್ಬನು ಕೇಳುವ ಪ್ರಶ್ನೆಗೆ ಉತ್ತರಿಸುವ ತಾಳ್ಮೆಯನ್ನೂ ದಾನವಾಗಿ ಕೊಡಬಹುದು. ಫೀನಿಕ್ಸಿನ ಹುಡುಗರಿಗೆ ಅಪರಿಚಿತರು ಕೊಟ್ಟದ್ದು ಅದನ್ನೇ.

ಶಿಕ್ಷಕರಾದ ನಾವು ಹುಡುಗರನ್ನು ಅವರ ಅಳತೆಗೆ ಮೀರಿದ ಕಾರ್ಯದಲ್ಲಿ ತೊಡಗಿಸಲು ಹಿಂಜರಿಯಬಾರದು. ತೊಡಗಿಸಿದ ಮೇಲೆ ಸಂಜೆಯ ಹೊತ್ತು ಅವರೊಡನೆ ಉಳಿಯಲೂ ಬೇಸರಿಸಬಾರದು. ಕೊಳದೊಳಗೆ ಮೂರನೆಯವರಾದವರನ್ನು ಮೊದಲಿಗರನ್ನಾಗಿ ಮಾಡಿದುದು ತಾವು ಮಾಡಿದ್ದನ್ನು ತಾವೇ ತಿಳಿಯಹೇಳುವ ಶಕ್ತಿ. ಆ ಶಕ್ತಿಯನ್ನು ನಮ್ಮ ಮಕ್ಕಳಲ್ಲಿ ಬೆಳೆಸುವ ಹೊಣೆಯು ಭಾಷೆಯನ್ನು ಕಲಿಸುವ ನಮ್ಮದೂ ಆಗಿದೆ.