ಟಿಕೆಟ್ ದುಡ್ಡಲ್ಲಿ ರೈಲು ಓಡಲ್ಲ, ಹಾಗಾದ್ರೆ ಯಾರ ದುಡ್ಡಲ್ಲಿ?

ಮೆಟ್ರೋ ದರದ ಮಾತು ಬಂದಾಗೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಎರಡು ಪಾರ್ಟಿ ಆಗುತ್ತೆ. "ಓಡಾಡೋರೇ ಪೂರ್ತಿ ಕೊಡಲಿ" ಅನ್ನೋರು ಒಂದು ಕಡೆ, "ಸರ್ಕಾರ ಕೊಡಲಿ" ಅನ್ನೋರು ಇನ್ನೊಂದು ಕಡೆ. ವಾದಕ್ಕೆ ಇಳಿಯೋ ಮೊದಲು, ಈಗ ಯಾರು ಕೊಡ್ತಿದ್ದಾರೆ ಅಂತ ನೋಡೋಣ.

ಮೊದಲು ರೈಲ್ವೆ. ಕೆಲವು ವರ್ಷ ರೈಲು ಟಿಕೆಟ್ ಮೇಲೇ ಪ್ರಿಂಟ್ ಆಗಿ ಬರ್ತಿತ್ತು: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ವಸೂಲಾಗುತ್ತದೆ ಅಂತ. ಉಳಿದದ್ದನ್ನು ಬಹುಮಟ್ಟಿಗೆ ತುಂಬೋದು ಗೂಡ್ಸ್ ರೈಲು, ಅದರಲ್ಲೂ ಕಲ್ಲಿದ್ದಲು. ರಾಯಚೂರಿನ ಥರ್ಮಲ್ ಸ್ಟೇಷನ್‌ಗೆ ಕಲ್ಲಿದ್ದಲು ರೈಲಿನಲ್ಲೇ ಬರುತ್ತೆ. ಅದರ ಸಾಗಣೆ ದರ ಏರಿದರೆ ಕರೆಂಟಿನ ಖರ್ಚೂ ಏರುತ್ತೆ. ಅಂದರೆ ರೈಲನ್ನೇ ಹತ್ತದ ಹಿಟ್ಟಿನ ಗಿರಣಿಯವರೂ ನಮ್ಮ ಸ್ಲೀಪರ್ ಟಿಕೆಟ್‌ಗೆ ಒಂದಿಷ್ಟು ಕೊಡ್ತಿದ್ದಾರೆ. (ಮನೆಗೆ ಗೃಹಜ್ಯೋತಿ ಇದೆಯಲ್ಲ ಅನ್ನಬೇಡಿ, ಆ ಬಿಲ್ ಕಟ್ಟೋದು ತೆರಿಗೆ ದುಡ್ಡೇ.) ಇದಕ್ಕೆ ಕ್ರಾಸ್ ಸಬ್ಸಿಡಿ ಅಂತಾರೆ. ಇದರ ಪೆಟ್ಟು ರೈಲ್ವೆಗೂ ಬಿದ್ದಿದೆ. ಗೂಡ್ಸ್ ದರ ದುಬಾರಿಯಾದಷ್ಟೂ ಸರಕು ಲಾರಿ ಹತ್ತುತ್ತೆ.

ನಮ್ಮ ಮೆಟ್ರೋಗೆ ಗೂಡ್ಸ್ ಇಲ್ಲ. ಕಟ್ಟೋಕೆ ಕೇಂದ್ರ, ರಾಜ್ಯ ಎರಡೂ ಹಣ ಹಾಕಿವೆ, ಜಪಾನ್, ಯುರೋಪ್ ಕಡೆಯ ಸಾಲವೂ ಇದೆ. ಸಾಲದ ಭಾರ, ಓಡಿಸೋ ಖರ್ಚು ಎರಡೂ ಸೇರಿ ಟಿಕೆಟ್ ಮೇಲೆ ಬೀಳುತ್ತೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯ್ತು. ಗಲಾಟೆಯಾದ ಮೇಲೆ ಏರಿಕೆ ಶೇ. 71 ದಾಟದ ಹಾಗೆ ಸರಿಮಾಡಿದರು. ಅಷ್ಟರಲ್ಲಿ ಜನ ಕಡಿಮೆಯಾಗಿದ್ರು. ಇಲ್ಲಿ ಇಂಜಿನಿಯರಿಂಗ್ ಲೆಕ್ಕ ಸುಲಭ: ಆರು ಬೋಗಿಯ ರೈಲು ತುಂಬಿದ್ದರೂ ಅರ್ಧ ಖಾಲಿ ಇದ್ದರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಬಿಟ್ಟುಹೋದ ಪ್ರಯಾಣಿಕರಿಂದ ಉಳಿತಾಯ ಏನೂ ಇಲ್ಲ, ಅವರ ಬೈಕ್ ಮಾತ್ರ ರಸ್ತೆಗೆ ಬರುತ್ತೆ.

2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಬೇರೆ ದಾರಿ. ಮಹಿಳೆಯರ ಟಿಕೆಟ್ ದುಡ್ಡನ್ನು ಸರ್ಕಾರ ನಿಗಮಗಳಿಗೆ ಕೊಡಬೇಕು. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು, ಆದರೆ ಮೊತ್ತ ಬಜೆಟ್‌ನಲ್ಲಿ ಕಾಣುತ್ತೆ, ಪ್ರಶ್ನೆ ಕೇಳಬಹುದು. ಕಲ್ಲಿದ್ದಲಿನಲ್ಲಿ ಅಡಗಿದ ಸಬ್ಸಿಡಿಗಿಂತ ಇದು ನೇರ ಅನ್ನೋದು ನಮ್ಮ ಅಭಿಪ್ರಾಯ. ಹಣ ತಡವಾದ್ರೆ ಮಾತ್ರ ಹೊಸ ಬಸ್ಸಿಗೆ ನಿಗಮದ ಹತ್ರ ಕಾಸಿರಲ್ಲ.

"ಮೆಟ್ರೋ ಲಾಸ್‌ನಲ್ಲಿದೆ" ಅನ್ನೋರು ಹೆಬ್ಬಾಳ ಫ್ಲೈಓವರ್ ಎಷ್ಟು ಲಾಭ ಮಾಡ್ತು ಅಂತ ಯಾಕೆ ಕೇಳಲ್ಲ? ಅದಕ್ಕೆ ಟಿಕೆಟ್ಟೇ ಇಲ್ಲ.

ಇನ್ನು ಸ್ಟೇಷನ್ ಪಕ್ಕದ ಜಾಗ. ಮೆಟ್ರೋ ಬರುತ್ತೆ ಅಂದ ಕೂಡಲೇ ಸೈಟಿನ ಬೆಲೆ, ಪಿಜಿ ಬಾಡಿಗೆ ಎರಡೂ ಏರುತ್ತೆ. ಹಾಂಗ್‌ಕಾಂಗ್‌ನ ಎಂಟಿಆರ್ ಕಂಪನಿ ಸ್ಟೇಷನ್ ಮೇಲೆ, ಪಕ್ಕದಲ್ಲಿ ಕಟ್ಟಡ ಕಟ್ಟೋ ಹಕ್ಕು ಪಡೆದು, ಆ ಲಾಭವನ್ನು ರೈಲಿಗೆ ಹಾಕುತ್ತೆ. ನಮ್ಮಲ್ಲಿ ಆ ಲಾಭದ ದೊಡ್ಡ ಪಾಲು ಜಾಗದ ಮಾಲೀಕರಿಗೇ. 90 ರೂಪಾಯಿ ಕೊಡೋ ವಿದ್ಯಾರ್ಥಿ ಹತ್ರ ಇನ್ನಷ್ಟು ಕೇಳೋ ಮೊದಲು ಅವರ ಹತ್ರ ಕೇಳಲಿ, ಡಿಬೇಟ್‌ನಲ್ಲಿ ನಾವು ನಿಲ್ಲೋದು ಈ ಕಡೆಗೆ.